ಕೊಳಚೆ ನಿಂತ ಮೇಲೂ ಉಳಿದ ಪಾಚಿ: ಕನೀಯೋಹೆ ಕೊಲ್ಲಿಯ ನಿದರ್ಶನ

ಹವಳ ದಿಬ್ಬದ ಮೇಲೆ ಪಾಚಿ ಕವಿದರೆ ಮೊದಲು ನೀರಿನ ಪೋಷಕಾಂಶ ತಗ್ಗಿಸಬೇಕು ಎಂಬುದರಲ್ಲಿ ತಕರಾರಿಲ್ಲ. ತಗ್ಗಿಸಿದರೆ ಪಾಚಿ ತಾನಾಗಿ ಹೋಗುತ್ತದೆಯೇ? ಹವಾಯಿಯ ಒವಾಹು ದ್ವೀಪದ ಕನೀಯೋಹೆ ಕೊಲ್ಲಿಯ ಉತ್ತರ ಅಷ್ಟು ನೇರವಾಗಿಲ್ಲ.

ದಂಡೆಯ ಊರುಗಳ ಕೊಳಚೆ ದಶಕಗಳ ಕಾಲ ಈ ಕೊಲ್ಲಿಗೇ ಬೀಳುತ್ತಿತ್ತು. ಸಾರಜನಕ, ರಂಜಕ ಹೆಚ್ಚಿದಂತೆ ಡಿಕ್ಟಿಯೊಸ್ಫೇರಿಯಾ ಕ್ಯಾವರ್ನೋಸಾ ಎಂಬ ಹಸಿರು ಗುಳ್ಳೆಪಾಚಿ ಹವಳವನ್ನು ಮುಚ್ಚಿತು. 1977-78ರಲ್ಲಿ ಕೊಳಚೆಯನ್ನು ಕೊಲ್ಲಿಯ ಹೊರಗೆ, ಸಾಗರದ ಆಳಕ್ಕೆ ತಿರುಗಿಸಿದರು. ಎಸ್. ವಿ. ಸ್ಮಿತ್ ಮತ್ತು ಸಂಗಡಿಗರ 1981ರ ಅಧ್ಯಯನ ಈ ಬದಲಾವಣೆಯನ್ನು ಒಂದು ಪ್ರಯೋಗವೆಂದೇ ಪರಿಗಣಿಸಿತು. ನೀರು ಬೇಗ ತಿಳಿಯಾಯಿತು, ತೇಲುವ ಸೂಕ್ಷ್ಮಸಸ್ಯಗಳು ಇಳಿದವು. ತಳದ ಕೆಸರು ಮಾತ್ರ ತನ್ನಲ್ಲಿ ಸೇರಿದ್ದ ಪೋಷಕಾಂಶವನ್ನು ಬಿಟ್ಟುಕೊಡುತ್ತಲೇ ಇತ್ತು. 1983ರ ಸಮೀಕ್ಷೆಯಲ್ಲಿ ಹವಳ ಚೇತರಿಸಿಕೊಂಡದ್ದು ಕಂಡಿತು. 1990ರ ಸಮೀಕ್ಷೆಯ ಹೊತ್ತಿಗೆ ಆ ಓಟ ಕುಂಟಿತ್ತು. ಗುಳ್ಳೆಪಾಚಿ ನಿಜಕ್ಕೂ ಕುಸಿದದ್ದು 2006ರಲ್ಲಿ, ವಾರಗಟ್ಟಲೆ ಮಳೆಮೋಡ ಕವಿದು ಬೆಳಕು ಕುಗ್ಗಿದಾಗ. ಇದರ ಪೂರ್ತಿ ಶ್ರೇಯಸ್ಸನ್ನು ಕೊಳವೆ ತಿರುಗಿಸಿದವರಿಗೆ ಕೊಡಲು ನನಗೆ ಧೈರ್ಯ ಸಾಲದು.

ಅಷ್ಟರಲ್ಲಿ ಬೇರೊಂದು ತೊಂದರೆ ಬೇರೂರಿತ್ತು. ಕ್ಯಾರಜೀನನ್ ಎಂಬ ಅಂಟುಪದಾರ್ಥಕ್ಕಾಗಿ 1970ರ ದಶಕದಲ್ಲಿ ತಂದು ಬೆಳೆಸಿದ ಕಪ್ಪಾಫೈಕಸ್, ಯೂಕಿಯುಮಾ ಕಡಲಕಳೆಗಳು ಕೊಲ್ಲಿಯಲ್ಲಿ ಹರಡಿದ್ದವು. ಇವನ್ನು ತೆಗೆಯಲು 'ಸೂಪರ್ ಸಕರ್' ಬಂತು: ಮುಳುಗುಗಾರರು ಕಳೆಯನ್ನು ಕೈಯಿಂದ ಕಿತ್ತು ಹೀರುಕೊಳವೆಗೆ ಕೊಡುತ್ತಾರೆ, ತೆಪ್ಪದ ಮೇಲಿನ ಪಂಪು ಅದನ್ನು ಎಳೆದುಕೊಳ್ಳುತ್ತದೆ. ಮೇಲೆ ಬಂದ ರಾಶಿಯಲ್ಲಿ ಸಿಕ್ಕಿಬಿದ್ದ ಸ್ಥಳೀಯ ಜೀವಿಗಳನ್ನು ಆರಿಸಿ ನೀರಿಗೆ ಬಿಟ್ಟು, ಉಳಿದದ್ದನ್ನು ರೈತರಿಗೆ ಗೊಬ್ಬರವಾಗಿ ಕೊಟ್ಟರು. ಕಳೆಯ ಜತೆ ಅದು ಹೀರಿಕೊಂಡ ಸಾರಜನಕವೂ ಕೊಲ್ಲಿಯಿಂದ ಹೊರಬೀಳುವುದು ಇಲ್ಲಿನ ಒಂದು ಸಣ್ಣ ಲಾಭ. ಆದರೆ ಕಪ್ಪಾಫೈಕಸ್ ಚೂರು ಉಳಿದರೂ ಚಿಗುರುತ್ತದೆ. ಅದಕ್ಕೇ 2011ರಿಂದ, ಮರಿಕೇಂದ್ರದಲ್ಲಿ ಬೆಳೆಸಿದ ಸ್ಥಳೀಯ ಅರ್ಚಿನ್‌ಗಳನ್ನು (ಮುಳ್ಳುಮೈಯ, ಪಾಚಿ ಮೇಯುವ ಜೀವಿಗಳು) ದಿಬ್ಬಗಳ ಮೇಲೆ ಬಿಟ್ಟರು. ಕೀಳುವುದೂ ಮೇಯಿಸುವುದೂ ಕೂಡಿದಾಗ ಎರಡು ವರ್ಷಗಳಲ್ಲಿ ಆಕ್ರಮಣಕಾರಿ ಪಾಚಿಯ ಹರವು ಶೇ. 85ರಷ್ಟು ಇಳಿಯಿತೆಂದು 2018ರ ವರದಿ ಹೇಳುತ್ತದೆ.

ನಮ್ಮ ಮನ್ನಾರ್ ಕೊಲ್ಲಿಯ ಕುರುಸಡೈ ದ್ವೀಪದ ಹವಳಗಳ ಮೇಲೂ ಇದೇ ಕಪ್ಪಾಫೈಕಸ್ ಆಲ್ವರೇಜಿ ಹಬ್ಬಿದ್ದು 2008ರಲ್ಲಿ ವರದಿಯಾಗಿದೆ. ಅಲ್ಲಿಯೂ ಮೂಲ ಕೃಷಿಯೇ. ಕೊಳಚೆ ಶುದ್ಧೀಕರಣ ಎಷ್ಟೇ ಚೆನ್ನಾಗಿ ನಡೆದರೂ ಹವಳಕ್ಕೆ ಅಂಟಿದ ಆ ಚೂರುಗಳನ್ನು ಅದು ಬಿಡಿಸಲಾರದು. ಅವನ್ನು ಕೀಳಬೇಕು, ಇಲ್ಲವೇ ಮೇಯಿಸಬೇಕು.