ವೇಲೆನ್ಸಿಯಾದ ಅನ್ನ ಮತ್ತು ನೀರು

ರಜೆಯಲ್ಲಿ ಸ್ಪೇನ್‌ಗೆ ಹೋದವರು ವೇಲೆನ್ಸಿಯಾದ ಪಾಯೆಯಾ ಎಂಬ ಅನ್ನದ ಖಾದ್ಯವನ್ನು ತಪ್ಪದೆ ಸವಿಯುತ್ತಾರೆ. ಅಕ್ಕಿಗೆ ಅಲ್ಲಿ 'ಅರ್ರೋಸ್' ಎನ್ನುತ್ತಾರೆ. ಅದು ಅರಬ್ಬಿಯ 'ಅರ್ರುಝ್'. ಅದಕ್ಕೆ ಹಾಕುವ ಕೇಸರಿ 'ಅಸಫ್ರಾನ್', ನಮ್ಮ ಉರ್ದುವಿನ ಜಾಫ್ರಾನ್ ತಾನೇ! ಅಲ್ಲಿ ಭತ್ತ ಬೆಳೆಸಿ, ಕಾಲುವೆಗಳನ್ನು ವಿಸ್ತರಿಸಿದವರು ಅಂದಲೂಸಿನ ಮುಸ್ಲಿಮ್ ರೈತರು. ಕಾಲುವೆಯ ಹೆಸರಾದ 'ಅಸೆಕಿಯಾ' ಕೂಡ ಅರಬ್ಬಿ ಮೂಲದ್ದೇ.

ಪ್ರವಾಸಿಗಳು ಗುರುವಾರ ಮಧ್ಯಾಹ್ನ 12ಕ್ಕೆ ಕೆಥೆಡ್ರಲ್‌ನ ಬಾಗಿಲಿಗೆ ಹೋಗಬೇಕು. ರೈತರೇ ಆರಿಸಿದ ನ್ಯಾಯಾಧೀಶರು ನೀರಿನ ವ್ಯಾಜ್ಯಗಳನ್ನು ಬಾಯಿಮಾತಿನಲ್ಲೇ ತೀರ್ಮಾನಿಸುತ್ತಾರೆ. ಈ ಪರಂಪರೆ 2009ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು.

ಆದರೆ 1609ರಲ್ಲಿ ದೊರೆ ಮೂರನೇ ಫಿಲಿಪ್, ಕ್ರೈಸ್ತಮತಕ್ಕೆ ಸೇರಿಸಲ್ಪಟ್ಟಿದ್ದ ಮುಸ್ಲಿಮರ ಸಂತತಿಯಾದ ಮೊರಿಸ್ಕೋಗಳನ್ನು ದೇಶದಿಂದ ಹೊರದೂಡಲು ಆಜ್ಞೆ ಮಾಡಿದ. ಮೊದಲು ಹೊರಟವರು ವೇಲೆನ್ಸಿಯಾದವರೇ. ಅವರನ್ನು ಹಡಗು ಹತ್ತಿಸಿ ಉತ್ತರ ಆಫ್ರಿಕಾಕ್ಕೆ ಅಟ್ಟಲಾಯಿತು. ದುಡಿಯುವ ಕೈಗಳಿಲ್ಲದೆ ಅನೇಕ ಹಳ್ಳಿಗಳು ಬರಿದಾದವು.