ಕುರಿಯ ತಲೆಗೆ ಸುಂಕ: ಒಟ್ಟೊಮನ್ ಹಳ್ಳಿಗಳ ತೆರಿಗೆ ವ್ಯವಸ್ಥೆ

ಅನತೋಲಿಯಾ ಹಾಗೂ ಬಾಲ್ಕನ್ ಪ್ರದೇಶಗಳನ್ನು ಶತಮಾನಗಳ ಕಾಲ ಆಳಿದ ಒಟ್ಟೊಮನ್ ಸಾಮ್ರಾಜ್ಯದ ಬೊಕ್ಕಸಕ್ಕೆ ಕುರಿ ಸಾಕಣೆಯು ಒಂದು ಸ್ಥಿರ ಆದಾಯಮೂಲವಾಗಿತ್ತು. ಕುರಿ, ಮೇಕೆಗಳ ತಲೆ ಎಣಿಸಿ ವಸೂಲು ಮಾಡುತ್ತಿದ್ದ ಈ ತೆರಿಗೆಗೆ ‘ಆದೆತ್-ಇ ಅಗ್ನಾಮ್’ ಎಂದು ಹೆಸರು. ‘ಅಗ್ನಾಮ್’ ಎಂದರೆ ಅರಬ್ಬಿ ಭಾಷೆಯಲ್ಲಿ ಕುರಿಗಳು. ತೆರಿಗೆ ಕೊಡುವ ಪ್ರಜೆಗಳನ್ನು ‘ರಿಆಯಾ’ ಎನ್ನುತ್ತಿದ್ದರು. ಕನ್ನಡದ ‘ರೈತ’ ಪದದ ಮೂಲವೂ ಇದೇ ಅರಬ್ಬಿ ಧಾತು.

ಎಣಿಕೆಯ ಕ್ರಮ

16ನೇ ಶತಮಾನದಲ್ಲಿ ಸಾಮಾನ್ಯವಾಗಿ ಎರಡು ಕುರಿಗೆ ಒಂದು ಅಕ್ಚೆ ಎಂಬ ದರವಿತ್ತು. ಅಕ್ಚೆ ಎಂಬುದು ಸಣ್ಣ ಬೆಳ್ಳಿಯ ನಾಣ್ಯ. ಕುರಿಗಳು ಮರಿ ಹಾಕಿದ ಮೇಲೆ, ವಸಂತ ಋತುವಿನಲ್ಲಿ ಎಣಿಕೆ ನಡೆಯುತ್ತಿತ್ತು. ಹಲವು ಪ್ರಾಂತಗಳ ಕಾನೂನು ಸಂಹಿತೆಗಳ ಪ್ರಕಾರ ಮರಿಯನ್ನೂ ತಾಯಿಯೊಡನೆ ಲೆಕ್ಕಕ್ಕೆ ಹಿಡಿಯಲಾಗುತ್ತಿತ್ತು.

ಬೆಳೆಯ ದಶಮಾಂಶ ತೆರಿಗೆಯು ಇಳುವರಿಯೊಂದಿಗೆ ಏರಿಳಿಯುತ್ತಿದ್ದರೆ, ಕುರಿ ತೆರಿಗೆಗೆ ತಲೆಯೊಂದೇ ಅಳತೆ. ಉಣ್ಣೆಯ ಬೆಲೆ ಕುಸಿದರೂ ಹಾಲು ಬತ್ತಿದರೂ ದರ ಬದಲಾಗುತ್ತಿರಲಿಲ್ಲ. ಚಳಿಗಾಲದಲ್ಲಿ ಸತ್ತ ಕುರಿಗೆ ತೆರಿಗೆಯಿಲ್ಲ. ಎಣಿಕೆಯ ಮರುದಿನ ಸತ್ತ ಕುರಿಗೆ ತೆರಿಗೆ ತಪ್ಪುತ್ತಿರಲಿಲ್ಲ. ಹೀಗಾಗಿ ಎಣಿಕೆಯ ದಿನವೇ ಕುರಿಗಾರನ ಪಾಲಿಗೆ ನಿರ್ಣಾಯಕವಾಗಿತ್ತು.

ಇದರ ಜೊತೆಗೆ ಕುರಿದೊಡ್ಡಿಗೊಂದು ಸುಂಕ, ಬೇಸಿಗೆ ಹಾಗೂ ಚಳಿಗಾಲದ ಹುಲ್ಲುಗಾವಲುಗಳಿಗೆ ಬೇರೆ ಬೇರೆ ಸುಂಕಗಳಿದ್ದವು. ಮಂದೆಯೊಡನೆ ಋತುಮಾನಕ್ಕೆ ತಕ್ಕಂತೆ ಸಂಚರಿಸುತ್ತಿದ್ದ ಯೂರೂಕ್ ಅಲೆಮಾರಿಗಳಿಗೆ ಇವು ವಿಶೇಷವಾಗಿ ತಟ್ಟುತ್ತಿದ್ದವು. ಸುಲ್ತಾನನ ಕುದುರೆಗಳನ್ನು ನೋಡಿಕೊಳ್ಳುತ್ತಿದ್ದ ಬಾಲ್ಕನ್‌ನ ವೊಯ್ನುಕರಂತಹ ಸೇವಾ ವರ್ಗಗಳಿಗೆ ತೆರಿಗೆಗಳಲ್ಲಿ ವಿನಾಯಿತಿ ದೊರೆಯುತ್ತಿತ್ತು.

ರಾಜಧಾನಿಯ ಮಾಂಸ

ತೆರಿಗೆಗಿಂತಲೂ ಭಾರವಾದ ಹೊರೆ ಇನ್ನೊಂದಿತ್ತು. ಇಸ್ತಾಂಬುಲ್ ನಗರದ ಮುಖ್ಯ ಮಾಂಸಾಹಾರ ಕುರಿಮಾಂಸ. ಅರಮನೆಗೂ ಜಾನಿಸರಿ ಸೈನಿಕರಿಗೂ ಅದನ್ನು ತಪ್ಪದೆ ಒದಗಿಸಬೇಕಾಗಿತ್ತು. ಇದಕ್ಕಾಗಿ ಬಾಲ್ಕನ್ ಪ್ರದೇಶದ ಅನುಕೂಲಸ್ಥರನ್ನು ‘ಜೆಲೆಪ್’ ಎಂದು ನೋಂದಾಯಿಸಿ, ಪ್ರತಿವರ್ಷ ಇಂತಿಷ್ಟು ಕುರಿಗಳನ್ನು ಸರ್ಕಾರ ಗೊತ್ತುಪಡಿಸಿದ ಬೆಲೆಗೆ ರಾಜಧಾನಿಗೆ ಸಾಗಿಸುವ ಹೊಣೆ ಹೊರಿಸಲಾಗುತ್ತಿತ್ತು. ಸ್ವಂತ ಮಂದೆಯಿಲ್ಲದವರು ಕುರಿಗಳನ್ನು ಕೊಂಡು ಒಪ್ಪಿಸಬೇಕಾಗಿತ್ತು. ನಿಗದಿತ ಬೆಲೆಯಲ್ಲಿ ನಷ್ಟವೇ ಹೆಚ್ಚಾದ್ದರಿಂದ ಇಸ್ತಾಂಬುಲ್‌ನಲ್ಲಿ ಹಣವಂತರನ್ನು ಬಲವಂತವಾಗಿ ಕಟುಕ ವೃತ್ತಿಗೆ ನೇಮಿಸಿದ ನಿದರ್ಶನಗಳೂ ಇವೆ.

ಗುತ್ತಿಗೆಯ ಕಾಲ

ಮುಂದೆ ತೆರಿಗೆ ವಸೂಲಿಯ ಹಕ್ಕನ್ನು ಹರಾಜು ಹಾಕಿ ಗುತ್ತಿಗೆ ಕೊಡುವ ಪದ್ಧತಿ ವ್ಯಾಪಕವಾಯಿತು. 1695ರಲ್ಲಿ ಆಜೀವ ಗುತ್ತಿಗೆಯೂ ಜಾರಿಗೆ ಬಂತು. ಸರ್ಕಾರಕ್ಕೆ ಮುಂಗಡ ಹಣ ಸಿಕ್ಕಿತು. ಆದರೆ ಹೂಡಿದ ಹಣವನ್ನು ಲಾಭಸಹಿತ ಹಿಂಪಡೆಯುವ ಗುತ್ತಿಗೆದಾರನ ಆತುರದ ಭಾರ ಹಳ್ಳಿಗಳ ಮೇಲೆ ಬಿತ್ತು. 1839ರಲ್ಲಿ ಆರಂಭವಾದ ತಂಜಿಮಾತ್ ಸುಧಾರಣೆಗಳು ನ್ಯಾಯಯುತ ತೆರಿಗೆಯ ಭರವಸೆ ನೀಡಿದರೂ ಕುರಿ ತೆರಿಗೆ ಮುಂದುವರಿಯಿತು. ಟರ್ಕಿ ಗಣರಾಜ್ಯವು 1925ರಲ್ಲಿ ಬೆಳೆಯ ದಶಮಾಂಶ ತೆರಿಗೆಯನ್ನು ರದ್ದುಪಡಿಸಿದ ನಂತರವೂ ಜಾನುವಾರು ತೆರಿಗೆ ಉಳಿದುಕೊಂಡಿತ್ತು.

ದಫ್ತರಗಳ ಸಾಕ್ಷ್ಯ

‘ತಹ್ರೀರ್ ದೆಫ್ತೆರಿ’ ಎಂಬ ಒಟ್ಟೊಮನ್ ಕಂದಾಯ ದಾಖಲೆಗಳಲ್ಲಿ ಹಳ್ಳಿವಾರು ವಿವರಗಳಿವೆ. ಕನ್ನಡದ ‘ದಫ್ತರ’ ಈ ‘ದೆಫ್ತೆರ್’ನ ಸೋದರ ಪದ. ಒಂದು ಹಳ್ಳಿಯ ಹೆಸರಿನ ಮುಂದೆ ಕುರಿ ತೆರಿಗೆ 100 ಅಕ್ಚೆ ಎಂದಿದ್ದರೆ, ಅಲ್ಲಿ ಸುಮಾರು 200 ಕುರಿಗಳಿದ್ದವೆಂದು ಇತಿಹಾಸಕಾರರು ಅಂದಾಜಿಸಬಲ್ಲರು. ಆದರೆ ಅದು ತೆರಿಗೆ ಕಟ್ಟಿದ ಕುರಿಗಳ ಸಂಖ್ಯೆ ಮಾತ್ರ. ವಿನಾಯಿತಿ ಪಡೆದ ಮಂದೆಗಳೂ ಅಧಿಕಾರಿಯ ಕಣ್ಣು ತಪ್ಪಿಸಿ ಬೆಟ್ಟ ಹತ್ತಿದ ಕುರಿಗಳೂ ಆ ಲೆಕ್ಕಕ್ಕೆ ಸೇರಿಲ್ಲ.