ತಡವಾಗಿ ಬಂದವರ ದೂರದರ್ಶನ

ಬೆಂಗಳೂರು ದೂರದರ್ಶನ ಕೇಂದ್ರ ಶುರುವಾದದ್ದು 1981ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನ. ದೆಹಲಿಯಲ್ಲಿ 1959ರಲ್ಲೇ ಪ್ರಸಾರ ಆರಂಭವಾಗಿತ್ತು. ನಾಡಿನೊಳಗೂ ಟೀವಿ ಮೊದಲು ಕಂಡದ್ದು ರಾಜಧಾನಿಯಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ ‘ಸೈಟ್’ ಪ್ರಯೋಗದಲ್ಲಿ ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮ ಹರಿದುಬಂತು. ನಮ್ಮ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ಕೋಳಿಗೂಡಿಗೆ ಕಟ್ಟುವಂಥ ತಂತಿಬಲೆಯಿಂದ ಮಾಡಿದ ಮೂರು ಮೀಟರ್ ಅಗಲದ ಆಂಟೆನಾ, ಪಕ್ಕದಲ್ಲೊಂದು ಪೆಟ್ಟಿಗೆ, ಎದುರಿಗೆ ಇಡೀ ಊರು.

ಭೂಸ್ಥಿರ ಉಪಗ್ರಹಗಳಿಂದ ಜಗತ್ತಿಗೆಲ್ಲ ಪ್ರಸಾರ ಮಾಡಬಹುದೆಂದು 1945ರಲ್ಲೇ ಲೆಕ್ಕ ಹಾಕಿ ಬರೆದವರು ಆರ್ಥರ್ ಸಿ. ಕ್ಲಾರ್ಕ್. ಮುಂದೆ ಅವರು ವಿಜ್ಞಾನ ಕಥೆಗಳಿಂದ ಹೆಸರಾದರು. ಸೈಟ್ ನಡೆದ ಕಾಲಕ್ಕೆ ಇಸ್ರೋ ಎಂಜಿನಿಯರುಗಳು ಕೊಲಂಬೊದ ಅವರ ಮನೆಗೇ ಹೋಗಿ ಆಂಟೆನಾ ನಿಲ್ಲಿಸಿಕೊಟ್ಟರು. ಮೂವತ್ತು ವರ್ಷದ ಹಿಂದೆ ಕಾಗದದ ಮೇಲೆ ಕಂಡದ್ದನ್ನು ಅವರು ಮನೆಯಲ್ಲೇ ಕೂತು ನೋಡಿದರು. 1983ರ ಆಗಸ್ಟ್ 30ರಂದು ಚಾಲೆಂಜರ್ ನೌಕೆ ಹೊತ್ತೊಯ್ದ ಇನ್ಸಾಟ್-1ಬಿ ಈ ಪ್ರಯೋಗವನ್ನು ದಿನನಿತ್ಯದ ವ್ಯವಹಾರ ಮಾಡಿತು. ಅದರ ಲಗಾಮು ಹಿಡಿದದ್ದು ನಮ್ಮ ಹಾಸನದ ನಿಯಂತ್ರಣ ಕೇಂದ್ರ.

ಬೆಂಗಳೂರಿನಿಂದ ಅರವತ್ತು ಕಿಲೋಮೀಟರಿನಷ್ಟು ದೂರದ ನಮ್ಮೂರು ದೊಡ್ಡಮಳೂರಿನಲ್ಲಿ ಟೀವಿ ಕೊಂಡವರಿಗೆ ಸೆಟ್ಟಿಗಿಂತ ಕಂಬದ ಚಿಂತೆಯೇ ದೊಡ್ಡದು. ಒಬ್ಬ ಮಾಳಿಗೆ ಹತ್ತಿ ಆಂಟೆನಾ ತಿರುಗಿಸಬೇಕು, ಇನ್ನೊಬ್ಬ ಪರದೆ ನೋಡುತ್ತ ಒಳಗಿನಿಂದ ಕೂಗಬೇಕು.

“ಬಂತೇನ್ಲಾ?”

“ಇಲ್ಲಣ್ಣ, ಬರೀ ಚುಕ್ಕಿ. ಇನ್ನೊಂಚೂರು ತಿರುಗ್ಸು!”

ಇಂಥ ಪರದೆಯ ಮೇಲೆ ಎಂಬತ್ತರ ದಶಕದ ಭಾನುವಾರದ ಬೆಳಗ್ಗೆ ‘ಸ್ಟಾರ್ ಟ್ರೆಕ್’ ಬರುತ್ತಿತ್ತು. ಚೂಪುಕಿವಿಯ ಒಬ್ಬ, ಮಿಣಮಿಣ ದೀಪಗಳ ಒಂದು ಹಡಗು, ಪೂರ್ತಿ ಇಂಗ್ಲಿಷು. ನಮ್ಮ ಕಡೆ ಅದು ರೇಷ್ಮೆ ಹುಳುವಿಗೆ ಹಿಪ್ಪುನೇರಳೆ ಸೊಪ್ಪು ಹಾಕುವ ಹೊತ್ತು. ಕೂತು ನೋಡಿದವರು ಕಡಿಮೆ. 1987ರ ಜನವರಿಯಲ್ಲಿ ‘ರಾಮಾಯಣ’ ಬಂದ ಮೇಲೆ ಸೊಪ್ಪಿನ ಹೊತ್ತೇ ಬದಲಾಯಿತು, ಅದು ಬೇರೆ ಮಾತು.

ನಾನು ‘ಸ್ಟಾರ್ ಟ್ರೆಕ್’ ಅನ್ನು ಮೊದಲ ಕಂತಿನಿಂದ ನೋಡಿದ್ದು ತಲೆ ನರೆತ ಮೇಲೆ, ಮೊಬೈಲಿನಲ್ಲಿ. ಹಿಡಿದು ಕೂರಿಸಿದ್ದು 1967ರ ಒಂದು ಕಂತು. ದೂರದ ಗ್ರಹವೊಂದರ ಗಣಿಯಲ್ಲಿ ಕಾರ್ಮಿಕರು ಒಬ್ಬೊಬ್ಬರಾಗಿ ಸಾಯುತ್ತಾರೆ. ಕೊಲ್ಲುತ್ತಿರುವುದು ಬಂಡೆ ಕೊರೆದು ಓಡಾಡುವ, ಸಿಲಿಕಾನಿನಿಂದಲೇ ಆದ ಜೀವಿ. ಗಣಿಯವರು ದುಂಡುಕಲ್ಲುಗಳೆಂದು ಸಾವಿರಗಟ್ಟಲೆ ಒಡೆದುಹಾಕಿದ್ದು ಅದರ ಮೊಟ್ಟೆಗಳನ್ನು. ಚೂಪುಕಿವಿಯ ಸ್ಪಾಕ್ ಆ ಗಾಯಗೊಂಡ ಪ್ರಾಣಿಯನ್ನು ಮುಟ್ಟಿ, ಅದರ ನೋವನ್ನು ತನ್ನ ಬಾಯಲ್ಲಿ ಕಿರುಚುತ್ತಾನೆ. ಕೊನೆಗೆ ಒಪ್ಪಂದ: ಮರಿಗಳು ಸುರಂಗ ಕೊರೆಯಲಿ, ಮನುಷ್ಯರು ಅದಿರು ತೆಗೆಯಲಿ. ರಾಮನಗರ, ಕನಕಪುರದ ಗುಡ್ಡಗಳಲ್ಲಿ ಕಲ್ಲುಕ್ವಾರಿ ನೋಡುತ್ತ ಬೆಳೆದವರಿಗೆ ಈ ಕಥೆ ಪರಗ್ರಹದ್ದು ಅನ್ನಿಸುವುದಿಲ್ಲ. ಅಂದು ಸೊಪ್ಪಿನ ಬುಟ್ಟಿ ಹೊತ್ತು ಟೀವಿ ಮುಂದೆ ಹಾದುಹೋದ ಹುಡುಗನಿಗೆ ಇದು ದಕ್ಕುತ್ತಿರಲಿಲ್ಲ.

ಆಮೇಲೆ ಈ ಧಾರಾವಾಹಿಯ ಚರಿತ್ರೆ ಓದಿದಾಗ ಕಂಡದ್ದು ಬೇರೆಯೇ ಸಂಗತಿ. 1966ರ ಸೆಪ್ಟೆಂಬರ್ 8ರಂದು ಶುರುವಾದ ‘ಸ್ಟಾರ್ ಟ್ರೆಕ್’ ಅನ್ನು 79 ಕಂತಿಗೆ, 1969ರಲ್ಲಿ ನಿಲ್ಲಿಸಲಾಯಿತು. ನೋಡುಗರು ಸಾಲುವುದಿಲ್ಲ ಎಂಬುದು ವಾಹಿನಿಯ ಲೆಕ್ಕ. ಅಮೆರಿಕದ ಸ್ಥಳೀಯ ಕೇಂದ್ರಗಳು ಎಪ್ಪತ್ತರ ದಶಕದಲ್ಲಿ ಮರುಪ್ರಸಾರ ಮಾಡಿದಾಗ ಜನ ಮುಗಿಬಿದ್ದರು. 1979ರಲ್ಲಿ ಸಿನಿಮಾ, 1987ರಲ್ಲಿ ಹೊಸ ಧಾರಾವಾಹಿ ಬಂದವು. ಅರವತ್ತು ವರ್ಷದ ಈ ಸಂಸಾರ ಇನ್ನೂ ಬೆಳೆಯುತ್ತಿದೆ. ಬೆಳೆಸಿದವರು ಮೊದಲ ಸಲ ಕಂತು ಬಂದಾಗ ಇರದಿದ್ದವರು.

ನಮ್ಮೂರಿಗೂ ಈ ಮಾತು ಸಲ್ಲುತ್ತದೆ. ಅಪ್ರಮೇಯಸ್ವಾಮಿಯ ಗುಡಿ ಚೋಳರ ಕಾಲದ್ದು. ಪುರಂದರದಾಸರು ಬಂದದ್ದು ಶತಮಾನಗಳ ಮೇಲೆ. ಅಂಬೆಗಾಲು ಕೃಷ್ಣನನ್ನು ಕಂಡು ಅವರು ಇಲ್ಲೇ ‘ಜಗದೋದ್ಧಾರನ’ ಹಾಡಿದರೆಂಬುದು ನಂಬಿಕೆ. ದೂರದೂರದವರು ಮಳೂರನ್ನು ಬಲ್ಲದ್ದು ಆ ತಡವಾಗಿ ಬಂದವರ ದೆಸೆಯಿಂದ.

ಆದರೆ ತಡವಾಗಿ ಬಂದವನಿಗೆ ನೋಡಲು ಏನಾದರೂ ಉಳಿದಿರಬೇಕಲ್ಲ! ‘ಸ್ಟಾರ್ ಟ್ರೆಕ್’ ಫಿಲ್ಮಿನಲ್ಲಿ ಚಿತ್ರೀಕರಣವಾಗಿತ್ತು, ಉಳಿಯಿತು. ಬಿಬಿಸಿಯ ‘ಡಾಕ್ಟರ್ ಹೂ’ 1963ರಲ್ಲಿ ಶುರುವಾದ ಧಾರಾವಾಹಿ; ಅದರ ಹಳೆಯ ಟೇಪುಗಳನ್ನು ಸಂಸ್ಥೆಯೇ ಅಳಿಸಿ ಮರುಬಳಕೆ ಮಾಡಿತು. ಅರವತ್ತರ ದಶಕದ ತೊಂಬತ್ತಕ್ಕೂ ಹೆಚ್ಚು ಕಂತುಗಳ ಚಿತ್ರ ಹಾಗೆ ಹೋಯಿತು. ಟೀವಿ ಪಕ್ಕ ಟೇಪ್ ರೆಕಾರ್ಡರ್ ಇಟ್ಟ ಅಭಿಮಾನಿಗಳಿಂದ ಧ್ವನಿಯಷ್ಟು ಉಳಿಯಿತು. 2013ರಲ್ಲಿ ಒಂಬತ್ತು ಕಂತುಗಳು ನೈಜೀರಿಯದಲ್ಲಿ ಪತ್ತೆಯಾದ ಸುದ್ದಿ ಬಂದಾಗ ಅಭಿಮಾನಿಗಳಿಗೆ ಹಬ್ಬವೇ ಆಯಿತು.

ದೂರದರ್ಶನವೂ ವಿಜ್ಞಾನದ ವಿಷಯದಲ್ಲಿ ಬರಿಗೈಯಲ್ಲಿ ಕೂತಿರಲಿಲ್ಲ. ‘ಸ್ಪೇಸ್ ಸಿಟಿ ಸಿಗ್ಮಾ’, 1998ರ ‘ಕ್ಯಾಪ್ಟನ್ ವ್ಯೋಮ್’ ಹಿಂದಿಯಲ್ಲಿ ಬಂದವು. ಗಿರೀಶ ಕಾರ್ನಾಡರು ನಿರೂಪಿಸಿದ, ವಿಜ್ಞಾನಿ ಯಶಪಾಲ್ ಅವರು ಪ್ರೇಕ್ಷಕರ ಪ್ರಶ್ನೆಗೆ ಉತ್ತರಿಸುತ್ತಿದ್ದ ‘ಟರ್ನಿಂಗ್ ಪಾಯಿಂಟ್’ ತೊಂಬತ್ತರ ದಶಕದ ಮಕ್ಕಳಿಗೆ ನೆನಪಿದೆ. ಚಂದನ ವಾಹಿನಿಯಲ್ಲಿ 2002ರಲ್ಲಿ ಆರಂಭವಾದ, ಡಾ. ನಾ. ಸೋಮೇಶ್ವರ ಅವರ ‘ಥಟ್ ಅಂತ ಹೇಳಿ’ ಗೆದ್ದವರ ಕೈಗೆ ಪುಸ್ತಕ ಕೊಡುತ್ತ ಸಾವಿರಾರು ಕಂತು ದಾಟಿತು.

ಸಂಸ್ಥೆಯೊಂದರ ಬಗ್ಗೆ ಬರೆಯುವಾಗ ಸಾಧನೆಯ ಪಟ್ಟಿ ಕೊಡುವುದು ವಾಡಿಕೆ. ನನ್ನದು ಕೋರಿಕೆ. ಪ್ರಸಾರ ಭಾರತಿಯ ಸಂಗ್ರಹ ವಿಭಾಗ ಹಳೆಯ ಕಾರ್ಯಕ್ರಮಗಳನ್ನು ಅಂತರ್ಜಾಲಕ್ಕೆ ಏರಿಸುತ್ತಿದೆ, ಒಳ್ಳೆಯದು. ಬೆಂಗಳೂರು ಕೇಂದ್ರದ ಕನ್ನಡ ಟೇಪುಗಳಿಗೂ ಒಂದು ಪಟ್ಟಿಯಾಗಲಿ: ಕಾರ್ಯಕ್ರಮದ ಹೆಸರು, ಪ್ರಸಾರದ ದಿನಾಂಕ, ಭಾಗವಹಿಸಿದವರು. ಏನು ಉಳಿದಿದೆ, ಏನು ಕಳೆದಿದೆ ಎಂಬುದು ಬಹಿರಂಗವಾಗಲಿ. ಕಳೆದದ್ದರ ಹೆಸರು ಗೊತ್ತಾದರೆ ಯಾರದೋ ಅಟ್ಟದ ಮೇಲಿನ ವಿಸಿಆರ್ ಕ್ಯಾಸೆಟ್ಟಿನಲ್ಲಿ ಅದು ಸಿಕ್ಕೀತು. ಇನ್ನೂ ಹುಟ್ಟದ ಪ್ರೇಕ್ಷಕರ ಲೆಕ್ಕವನ್ನೂ ಇಟ್ಟುಕೊಂಡ ಸಂಸ್ಥೆಗೆ ಮುಪ್ಪಿಲ್ಲ.